ನೈರೋಬಿಯ ಲಿಫ್ಟಿಗೆ ಪಾಮರ್ಸ್ಟನ್ ನಾರ್ತಿನ ಕಣ್ಣೀರು

ನ್ಯೂಜಿಲೆಂಡಿನ ಪಾಮರ್ಸ್ಟನ್ ನಾರ್ತ್ ಊರಿನ ನಮ್ಮ ಚಿತ್ರಸಮಾಜದಲ್ಲಿ ಪ್ರೊಜೆಕ್ಟರ್ ನೋಡಿಕೊಳ್ಳುವವನು ನಾನು. ಪರದೆಯ ಮೇಲಿನದ್ದಕ್ಕಿಂತ ಪರದೆಯ ಈಚೆಗೆ ನಡೆಯುವುದೇ ಹೆಚ್ಚು ತಮಾಷೆ ಎಂಬುದು ತಿಂಗಳಿಗೊಮ್ಮೆಯಾದರೂ ನನಗೆ ಮನದಟ್ಟಾಗುತ್ತದೆ.

ಈ ಸಲ ನನ್ನ ಗೆಳೆಯನ ಚಿತ್ರದ ಸರದಿ. ನೈರೋಬಿಯವನು, ಇಲ್ಲಿ ಬಸ್ ಓಡಿಸುತ್ತಾನೆ. ರಜೆ ಸಿಕ್ಕಾಗಲೆಲ್ಲ ಊರಿಗೆ ಹೋಗಿ ನಾಲ್ಕು ವರ್ಷ ಒದ್ದಾಡಿ ಒಂದು ಹಾಸ್ಯಚಿತ್ರ ಮಾಡಿದ್ದ. ಮದುವೆಯ ಬೆಳಿಗ್ಗೆ ಮದುಮಗನೂ ಅವನ ಭಾವೀ ಅತ್ತೆಯೂ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಳ್ಳುವ ಕಥೆ. ಆಕ್ಲೆಂಡಿನ ಥಿಯೇಟರ್ ಮಾಲೀಕರೊಬ್ಬರು ನಮ್ಮಲ್ಲಿಗೆ ಬಂದು ನೋಡಿ, ಹಿಡಿಸಿದರೆ ಒಂದು ವಾರ ಹಾಕುತ್ತೇನೆ ಎಂದಿದ್ದರು. ಈ ಒಂದು ಪ್ರದರ್ಶನ ಕೆಟ್ಟರೆ ಅವನ ಚಿತ್ರ ಪೆಟ್ಟಿಗೆಯಲ್ಲೇ ಉಳಿಯುತ್ತಿತ್ತು.

೧. ಆನೆ

ಮೊದಲು ಚಿತ್ರ ನೋಡಿದ್ದು ನಮ್ಮ ಸಮಿತಿ. ಅಧ್ಯಕ್ಷೆಗೆ ಇಷ್ಟವಾಯಿತು, ಜೊತೆಗೆ ಚಿಂತೆಯೂ ಹತ್ತಿತು.

"ಇದು ಆಫ್ರಿಕಾ ಅಂತ ಜನಕ್ಕೆ ಗೊತ್ತಾಗೋದು ಹೇಗೆ? ಒಂದು ಆನೆಯಾದರೂ ಬೇಡವಾ?"

"ಆ ಲಿಫ್ಟಿನಲ್ಲಿ ಆರು ಜನಕ್ಕಷ್ಟೇ ಜಾಗ" ಎಂದ ಗೆಳೆಯ.

ಆಕೆ ತಲೆಯಾಡಿಸಿದರು. ಪೋಸ್ಟರ್ ಅಚ್ಚಾಗಿ ಬಂದಾಗ ಅದರಲ್ಲಿ ಆನೆ ಇತ್ತು, ಲಿಫ್ಟ್ ಇರಲಿಲ್ಲ.

೨. ನಮ್ಮವರು

ಕನ್ನಡದವರಿಗೆ ಟಿಕೆಟ್ ಮಾರುವ ಹೊಣೆ ನನ್ನದು. ಹುಬ್ಬಳ್ಳಿಯ ಆಂಟಿಯೊಬ್ಬರಿಗೆ ಕಥೆ ಹೇಳಿದೆ.

"ಕೀನ್ಯಾದಾಗ ಲಿಫ್ಟ್ ಇರ್ತಾವೇನಪಾ?"

"ಇಂಡಿಯಾದಲ್ಲಿ ಫ್ರಿಜ್ ಇತ್ತಾ" ಎಂದು ಕೇಳಿದ ನ್ಯೂಜಿಲೆಂಡಿನ ನೆರೆಯಾಕೆಯ ಜೊತೆ ಮೂರು ತಿಂಗಳಿಂದ ಮಾತು ಬಿಟ್ಟಿರುವುದು ಇದೇ ಆಂಟಿ. ಅದನ್ನು ನೆನಪಿಸಿದೆ.

"ಅದು ಬ್ಯಾರೆ ಮಾತು. ನಮ್ಮ ಕಡೆ ಫ್ರಿಜ್ ಖರೇನ ಇದ್ವಲ್ಲ."

೩. ಪ್ರದರ್ಶನ

ಅಧ್ಯಕ್ಷೆ ಮೈಕ್ ಹಿಡಿದರು. "ಇಂದಿನ ಚಿತ್ರ ಕೆಲವರ ಮನಸ್ಸಿಗೆ ನೋವು ತರಬಹುದು. ಬಾಗಿಲ ಬಳಿ ಟಿಶ್ಯೂ ಇಟ್ಟಿದ್ದೇವೆ."

ಅಷ್ಟು ಸಾಕಾಯಿತು. ಲಿಫ್ಟ್ ನಿಂತಿತು, ಮುಂದಿನ ಸಾಲುಗಳು ನಿಟ್ಟುಸಿರು ಬಿಟ್ಟವು. ಮದುಮಗನ ಪ್ಯಾಂಟ್ ಹರಿಯಿತು, ಯಾರೋ ಮೂಗು ಒರೆಸಿಕೊಂಡರು. ಹಿಂದಿನ ಸಾಲಿನಲ್ಲಿ ಮಾತ್ರ, ಲೋವರ್ ಹಟ್‌ನಿಂದ ಎರಡು ಗಂಟೆ ಕಾರು ಓಡಿಸಿಕೊಂಡು ಬಂದ ಕೀನ್ಯಾದ ಕುಟುಂಬಗಳು ಬಿದ್ದು ಬಿದ್ದು ನಗುತ್ತಿದ್ದವು. ದೊಡ್ಡ ಪರದೆಯ ಮೇಲೆ ತಮ್ಮ ಮಾತು ಕೇಳಿ ಅವರಿಗೆ ವರ್ಷಗಳೇ ಆಗಿದ್ದವು. ಅಧ್ಯಕ್ಷೆ ತಿರುಗಿ ತಿರುಗಿ "ಶ್" ಎನ್ನುತ್ತಿದ್ದರು. ಆ ಮೈಕ್ ಆಕೆಯ ಕೈಗೆ ಕೊಟ್ಟ ನನ್ನ ಮೇಲೆ ನನಗೇ ಸಿಟ್ಟು ಬಂತು.

ಕೊನೆಗೆ ಪ್ರಶ್ನೋತ್ತರ. ಒಬ್ಬರು ಗದ್ಗದಿತರಾಗಿ ಕೇಳಿದರು: "ಆ ಕಟ್ಟಡಕ್ಕೆ ನಾವು ಏನಾದರೂ ಕಳಿಸಬಹುದಾ?"

"ಮೆಕ್ಯಾನಿಕ್" ಎಂದ ಗೆಳೆಯ. ಮುಂದಿನ ಸಾಲುಗಳಲ್ಲಿ ಒಬ್ಬರೂ ನಗಲಿಲ್ಲ. ಇಬ್ಬರು ಬರೆದುಕೊಂಡರು.

೪. ತೀರ್ಪು

ಜನ ಕರಗಿದ ಮೇಲೆ ಆಕ್ಲೆಂಡಿನ ಮಾಲೀಕರು ನಮ್ಮ ಬಳಿ ಬಂದರು. ಅವರು ಗೆಳೆಯನ ಎರಡೂ ಕೈ ಹಿಡಿದುಕೊಂಡರು.

"ಕರುಳು ಹಿಂಡಿಬಿಟ್ಟಿರಿ. ಒಂದು ವಾರ ಹಾಕ್ತೀನಿ. ಆದರೆ ಒಂದು ಮಾತು. ಹಿಂದೆ ಕೂತು ನಗ್ತಿದ್ದರಲ್ಲ, ಅವರನ್ನ ಆಕ್ಲೆಂಡಿಗೆ ಕರೆತರಬೇಡಿ. ಅದರಲ್ಲೂ ಆ ಹಳದಿ ಉಡುಪಿನ ಹೆಂಗಸು. ಪಾಪ, ಲಿಫ್ಟಿನಲ್ಲಿ ಆ ಅತ್ತೆ ಒದ್ದಾಡ್ತಿದ್ದರೆ, ಈಕೆಗೆ ಅಂಥ ನಗುವಾ?"

"ಹೇಳ್ತೀನಿ" ಎಂದ ಗೆಳೆಯ. "ಅವರು ನನ್ನ ತಾಯಿ. ಲಿಫ್ಟಿನಲ್ಲಿ ಒದ್ದಾಡಿದ ಅತ್ತೆಯೂ ಅವರೇ."