ಬಂದ್ ಮಾಡಬಾರದ ಕಾರು

ನಿಲ್ಲಿಸಿದ ವಾಹನದ ಎಂಜಿನ್ ಬಂದ್ ಇರಬೇಕು. ಮೂವತ್ತು ವರ್ಷ ಕಾರ್ಖಾನೆಯೊಂದರಲ್ಲಿ ಸುರಕ್ಷತಾ ಅಧಿಕಾರಿಯಾಗಿದ್ದ ನಾನು ಲಾರಿ ಚಾಲಕರಿಗೆ ಕಲಿಸುತ್ತಿದ್ದ ಮೊದಲ ನಿಯಮ ಇದು. ಮುರಿದವರಿಗೆ ನೋಟಿಸು ಕೊಟ್ಟಿದ್ದೇನೆ. ಒಬ್ಬನನ್ನು ಗೇಟಿನಿಂದಾಚೆಗೆ ಕಳಿಸಿಯೂ ಇದ್ದೇನೆ. ನಿಯಮ ಹೇಳುವವನಿಗೆ ಅದನ್ನು ಮುರಿಯುವ ದಿನವೊಂದು ಬಂದೇ ಬರುತ್ತದೆ ಎಂದು ಕಾಣುತ್ತದೆ. ನನಗೆ ಬಂದದ್ದು ಹೋದ ವರ್ಷ, ಅಕ್ಕನನ್ನು ಕಣ್ಣಿನ ಆಪರೇಷನ್ನಿಗೆಂದು ಭಟ್ಕಳದಿಂದ ಕುಮಟಾಕ್ಕೆ ಕರೆದುಕೊಂಡು ಹೋದ ದಿನ. ಹೊನ್ನಾವರ ಮುಟ್ಟುವುದರೊಳಗೆ ಎದುರು ಸಿಕ್ಕವರೆಲ್ಲ ಆ ನಿಯಮ ಮುರಿದರು. ಎಲ್ಲರಿಗಿಂತ ಹೆಚ್ಚಾಗಿ ನಾನು.

ಅಕ್ಕಿ ಡಬ್ಬಿ

ನನ್ನ ಕಾರಿಗೆ ಕೀಲಿ ತಿರುಗಿಸುವ ತೂತೇ ಇಲ್ಲ. ಬೆಂಕಿಪೊಟ್ಟಣದಷ್ಟು ದೊಡ್ಡ ರಿಮೋಟ್ ಕೀ ಜೇಬಿನಲ್ಲಿದ್ದರೆ ಸಾಕು, ಗುಂಡಿ ಒತ್ತಿದೊಡನೆ ಕಾರು ಚಾಲೂ ಆಗುತ್ತದೆ. 'ಕೀ ಬ್ಯಾಟರಿ ಕಡಿಮೆ' ಎಂದು ಕಾರು ಎರಡು ವಾರದಿಂದ ಹೇಳುತ್ತಿತ್ತು. ನಾಳೆ ಹಾಕಿಸಿದರಾಯಿತು ಎಂದುಕೊಂಡೆ. ಆಪರೇಷನ್ನಿನ ಹಿಂದಿನ ದಿನವಂತೂ ಬಾಗಿಲು ತೆರೆಯಲು ಐದು ಸಲ ಒತ್ತಬೇಕಾಯಿತು.

ಕಾಯ್ಕಿಣಿಯಿಂದ ಬಂದಿದ್ದ ಅಕ್ಕ, ಮಂಜು ಮಂಜು ಕಾಣುವ ಕಣ್ಣಿನಿಂದಲೇ ಅದನ್ನು ನೋಡಿ ರೋಗ ಹೇಳಿಬಿಟ್ಟಳು. "ಥಂಡಿ ಹಿಡದ್ದು ತಮಾ. ಸಮುದ್ರದ ಗಾಳಿ ಅಲ್ದ? ಮೊಬೈಲು ನೀರಿಗೆ ಬಿದ್ರೆ ಅಕ್ಕಿಲಿ ಹುಗೀತ್ವಿಲ್ಯ? ಹಾಂಗೇ."

ಇದಕ್ಕೆ ಆಧಾರವಿಲ್ಲ ಎಂದೆ. ಅಕ್ಕ ಆಧಾರ ಕೇಳಲಿಲ್ಲ. ಕೀಯನ್ನು ಗಂಜಿಗೆ ಇಟ್ಟಿದ್ದ ಕುಚ್ಚಿಗೆ ಅಕ್ಕಿಯ ಡಬ್ಬಿಯಲ್ಲಿ ಹುಗಿದಳು. ಈ ವಿಷಯ ನನ್ನ ಹೆಂಡತಿಗೆ ಹೇಳುವುದು ಮಾತ್ರ ಇಬ್ಬರಿಗೂ ಮರೆಯಿತು.

ಬೆಳಗ್ಗೆ ಒಲೆಯ ಮೇಲೆ ಗಂಜಿ ಕುದಿಯುತ್ತಿತ್ತು. ಹೆಂಡತಿ ಅಡುಗೆಮನೆಯಿಂದ ಕೂಗಿದಳು: "ಅಕ್ಕಿ ತೊಳೆಯುವಾಗ ಎಂಥದೋ ಕರಿ ಕಲ್ಲು ಸಿಕ್ತು, ನೋಡಿ. ಎರಡು ನೀರಲ್ಲಿ ತೊಳೆದೆ, ಕರಿ ಹೋಗೂದೇ ಇಲ್ಲ!"

ಕೈಗಡಿಯಾರದವನು

ಅವಳ ಅಂಗೈಯಲ್ಲಿದ್ದದ್ದು ನನ್ನ ಕೀ. ಆಪರೇಷನ್ ಮಾಡುವ ಕಣ್ಣಿನ ಡಾಕ್ಟರು ಕುಮಟಾಕ್ಕೆ ಬರುವುದು ತಿಂಗಳಿಗೆ ಒಂದೇ ದಿನ. ಹನ್ನೆರಡರೊಳಗೆ ಹೆಸರು ಕೊಡಬೇಕು. ಒಮ್ಮೆ ಸಕ್ಕರೆ ಏರಿ, ಇನ್ನೊಮ್ಮೆ ಕೆಮ್ಮು ಬಂದು ಎರಡು ಸಲ ತಪ್ಪಿತ್ತು. ಬಲಗಣ್ಣು ಆಗಲೇ ಹೋದ ಹಾಗೆ, ಎಡಗಣ್ಣೂ ಅದೇ ದಾರಿ ಹಿಡಿದಿದೆ, ಇನ್ನು ಮುಂದೂಡಬೇಡಿ ಎಂದು ಅವರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು. ಕಾರಿನ ಎರಡನೆಯ ಕೀ? ಎರಡೂ ಒಂದೇ ಮನೆಯಲ್ಲಿರಬಾರದೆಂಬ ತತ್ವಕ್ಕೆ ಕಟ್ಟುಬಿದ್ದು ಅದನ್ನು ಕುಮಟಾದಲ್ಲಿ ಮಗಳ ಮನೆಯ ಕಪಾಟಿನಲ್ಲಿ ಭದ್ರವಾಗಿ ಇಟ್ಟಿದ್ದೆ.

"ಬಸ್ಸಿಗೆ ಹೋಪನ" ಎಂದಳು ಅಕ್ಕ. ಮೆಟ್ಟಿಲೇ ಕಾಣದವಳನ್ನು ಬಸ್ಸು ಹತ್ತಿಸುವುದು ಹೇಗೆ?

ಹಿಂದಿನ ಓಣಿಯಲ್ಲಿ ಕೈಗಡಿಯಾರ ರಿಪೇರಿಯ ಅಂಗಡಿಯಿದೆ. ಫೋನು ಮಾಡಿದ್ದಕ್ಕೆ ಅಂಗಡಿಯವನು ಸ್ಕೂಟರಿನಲ್ಲಿ ನಮ್ಮ ಮನೆಗೇ ಬಂದ. ಕೀಯ ಹೊಟ್ಟೆ ಬಿಚ್ಚಿ, ಒಂಟಿಗಣ್ಣಿನ ಭೂತಗನ್ನಡಿಯಲ್ಲಿ ಇಣುಕಿದ.

"ಸಾಬ್, ನಲವತ್ತು ವರ್ಷದಿಂದ ವಾಚು ಬಿಚ್ತಾ ಇದ್ದೇನೆ. ಒಳಗೆ ಅಕ್ಕಿ ನುಚ್ಚು ಸಿಕ್ಕಿದ್ದು ಇದೇ ಫಸ್ಟು."

ಬ್ರಷ್ಷಿನಿಂದ ಉಜ್ಜಿ ಹೊಸ ಸೆಲ್ ಹಾಕಿದ. ನಾನು ದೇವರನ್ನು ನೆನೆದು ಗುಂಡಿ ಒತ್ತಿದೆ. ಕಾರು ಚಾಲೂ ಆಯಿತು! ಮರುಕ್ಷಣವೇ ಎದುರಿನ ಪರದೆಯ ಮೇಲೆ 'ಕೀ ಸಿಗುತ್ತಿಲ್ಲ' ಎಂದು ಕೆಂಪಕ್ಷರ ಮೂಡಿತು. ಕೀಯ ದೀಪ ಒಮ್ಮೆ ಮಿಣುಕಿ ಆರಿಹೋಯಿತು.

ಅವನು ಎರಡೂ ಕೈ ಎತ್ತಿ ಕೂಗಿದ. "ಬಂದ್ ಮಾಡಬೇಡಿ ಸಾಬ್! ಬಂದ್ ಮಾಡಿದ್ರೆ ಮತ್ತೆ ಶುರುವಾಗೂದು ಅಲ್ಲಾಹನ ಇಚ್ಛೆ. ಹೀಗೇ ಹೋಗಿಬಿಡಿ."

ಇಷ್ಟು ಹೇಳಿ ಓಡುತ್ತಲೇ ಗೇಟು ದಾಟಿದ. ಬಂದಾಗಿನಿಂದ ಅವನ ಸ್ಕೂಟರು ಅಲ್ಲಿ ಚಾಲೂ ಸ್ಥಿತಿಯಲ್ಲೇ ನಿಂತಿತ್ತು. ಯಾಕಪ್ಪಾ ಎಂದು ಕೇಳಿದೆ.

"ಇದರದ್ದೂ ಅದೇ ಕಥೆ ಸಾಬ್. ಬೆಳಗ್ಗೆ ಒಮ್ಮೆ ಒದ್ದರೆ ರಾತ್ರಿವರೆಗೆ ಬಂದ್ ಮಾಡೂ ಹಾಗಿಲ್ಲ."

ಮಂಕಿಯ ಭಾವ

ಹೆದ್ದಾರಿಯ ಪ್ರತಿ ಉಬ್ಬಿನಲ್ಲೂ ಎಂಜಿನ್ ನಿಂತೇಹೋಯಿತೆಂದು ನನಗೆ ಅನಿಸುತ್ತಿತ್ತು.  ಮಂಕಿ ಎಂಬ ಊರು ಸಮೀಪಿಸುವಾಗ ಅಕ್ಕ ಹಿಂದಿನಿಂದ ಮೆಲ್ಲಗೆ ಹೇಳಿದಳು, "ತಮಾ, ಯಂಗೆ ಒಂದ್ ಗಳಿಗೆ ಇಳಿಯಕ್ಕು."

ಸಕ್ಕರೆ ಕಾಯಿಲೆಯವಳು, ಇಳಿಸದೆ ಗತಿಯಿರಲಿಲ್ಲ. ಅಕ್ಕನ ನಾದಿನಿಯ ಮನೆ ಅಲ್ಲೇ ಇದೆ. ಅಂಗಳದಲ್ಲಿ ಎಂಜಿನ್ ಚಾಲೂ ಇಟ್ಟೇ ಕಾರು ನಿಲ್ಲಿಸಿದೆ. ನಾದಿನಿಯ ಗಂಡ, ನನಗೂ ಭಾವನೇ ಎನ್ನಿ, ವಿಷಯ ಕೇಳಿ ನನಗಿಂತ ಹೆಚ್ಚು ಹೆದರಿದ.

"ನೀ ಅಕ್ಕನ ಕೈ ಹಿಡ್ಕಂಡು ಹೋಗು. ಗಾಡಿ ಆನು ಕಾಯ್ತೆ."

ಜೀವಮಾನದಲ್ಲಿ ಮೊದಲ ಸಲ ನಾನು ಓಡುತ್ತಿರುವ ಎಂಜಿನ್ ಬಿಟ್ಟು ಕೆಳಗಿಳಿದೆ. ಕಾಲು ನೆಲಕ್ಕೆ ತಾಗುವಾಗ ಕಳ್ಳತನ ಮಾಡಿದಂತಾಯಿತು. ಒಳಗೆ ನಾದಿನಿಗೆ ಅಕ್ಕನ ಕಣ್ಣಿನ ಕಥೆ ಮೊದಲಿನಿಂದ ಬೇಕು. ಕಷಾಯ ಕುಡಿಯದೆ ಏಳುವ ಹಾಗಿಲ್ಲ. ಹೊರಗಿನಿಂದ 'ಘ್ರೂಂ... ಘ್ರೂಂ...' ಎಂದು ಕೇಳುತ್ತಲೇ ಇತ್ತು. ಹೆದ್ದಾರಿಯಲ್ಲಿ ಲಾರಿಗಳು ಹೋಗುತ್ತಿವೆ ಎಂದುಕೊಂಡೆ.

ಅರ್ಧ ಗಂಟೆಯ ಮೇಲೆ ಹೊರಗೆ ಬಂದರೆ ಭಾವ ಚಾಲಕನ ಸೀಟಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಾನೆ. ಹಿಂದೊಮ್ಮೆ ಅವನಲ್ಲೊಂದು ಹಳೇ ಜೀಪಿತ್ತು, ಅದು ರೇಸ್ ಕೊಡದಿದ್ದರೆ ನಿಲ್ಲುತ್ತಿತ್ತು. ಆ ಅನುಭವವನ್ನೆಲ್ಲ ನನ್ನ ಕಾರಿಗೆ ಧಾರೆಯೆರೆದಿದ್ದ. ಹೊರಡುವಾಗ ಪೆಟ್ರೋಲ್ ಮೀಟರಿನಲ್ಲಿದ್ದ ಎರಡು ಗೆರೆಯಲ್ಲಿ ಒಂದು ಹೋಗಿ, ಉಳಿದೊಂದು ಮಿಣುಕುತ್ತಿತ್ತು.

"ಒಂದ್ ಕ್ಷಣವೂ ಕಾಲು ತೆಗದ್ನಿಲ್ಲೆ ಮಾರಾಯಾ!" ಎಂದು ಹಣೆಯ ಬೆವರು ಒರೆಸಿಕೊಂಡ ಭಾವ.

ಸೇತುವೆ

ಮಿಣುಕುವ ಆ ಗೆರೆಯೊಂದಿಗೆ ಶರಾವತಿ ಸೇತುವೆ ಹತ್ತಿದೆವು. ಕೆಳಗೆ ಅಷ್ಟಗಲದ ಹೊಳೆ, ಹಿಂದೆ ಮೀನಿನ ಲಾರಿ. ಇಲ್ಲಿ ನಿಂತರೆ? 

"ತಮಾ, ಗ್ಲಾಸು ಇಳಸು. ಹೊಳೆಗೆ ಒಂದು ನಾಣ್ಯ ಹಾಕವು."

"ಅಕ್ಕಾ, ಆನು ಈಗ ಯಾವ ಗುಂಡಿಯನ್ನೂ ಮುಟ್ತ್ನಿಲ್ಲೆ!"

"ಹೊಳೆಗೆ ಕೊಡದ್ದೆ ದಾಟಲಾಗ."

"ಮುಟ್ಟಿದರೆ ದಾಟುವುದೇ ಇಲ್ಲ!"

 ಆಚೆ ದಡ ಮುಟ್ಟಿದ ಮೇಲೆ ಹಿಂದಿನಿಂದ ಒಂದು ಕೈ ಬಂದು ನನ್ನ ಅಂಗಿಯ ಜೇಬಿಗೆ ನಾಣ್ಯ ಹಾಕಿತು. "ಇಟ್ಕ. ಹೊಳೆಗಿಂತ ನೀನೇ ಹೆಚ್ಚು ನಡಗ್ತಾ ಇದ್ದೆ."

ಬಂಕಿನ ಹೆಂಗಸು

ಹೊನ್ನಾವರದ ಪೆಟ್ರೋಲ್ ಬಂಕಿನಲ್ಲಿ ನಿಂತಾಗ ಹನ್ನೊಂದು ಗಂಟೆ. ಸಮವಸ್ತ್ರದ ನಡುವಯಸ್ಸಿನ ಹೆಂಗಸೊಬ್ಬಳು ಪೈಪು ಹಿಡಿದು ಬಂದಳು.

"ಎಂಜಿನ್ ಬಂದ್ ಮಾಡಿ ಸರ್."

ಗಾಜು ಇಳಿಸಲೇಬೇಕಾಯಿತು. ಅಕ್ಕಿ ಡಬ್ಬಿಯಿಂದ ಶುರುಮಾಡಿ ಎಲ್ಲ ಹೇಳಿದೆ. ಕೀಯನ್ನು ತೋರಿಸಿದೆ.

"ಆತು ಸರ್, ಎಲ್ಲಾ ಗೊತ್ತಾತು. ಎಂಜಿನ್ ಬಂದ್ ಮಾಡಿ."

"ಬಂದ್ ಮಾಡಿದರೆ ಮತ್ತೆ ಚಾಲೂ ಆಗುವುದಿಲ್ಲಮ್ಮಾ! ಹಿಂದೆ ಕೂತವರಿಗೆ ಇವತ್ತು ಆಪರೇಷನ್ನು. ಇವತ್ತು ತಪ್ಪಿದರೆ ಕಣ್ಣೇ ಹೋದೀತು."

"ಅವರ ಕಣ್ಣು ಉಳೀಬೇಕು ಸರ್. ಇಲ್ಲಿ ಬೆಂಕಿ ಬಿದ್ರೆ ನಮ್ಮೆಲ್ಲರ ಕಣ್ಣೂ ಹೋಗ್ತದೆ."

ನಾನು ಮೂವತ್ತು ವರ್ಷ ಹೇಳುತ್ತಿದ್ದುದೂ ಇದೇ ಮಾತು, ಹೆಚ್ಚುಕಡಿಮೆ ಇದೇ ದನಿಯಲ್ಲಿ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಹಿಂದಿನ ರಿಕ್ಷಾದವನು, ತನ್ನ ಎಂಜಿನ್ನನ್ನೂ ಬಂದ್ ಮಾಡದೆ, "ಹಾಕಿ ಕಳ್ಸೇ ಮಾರಾಯ್ತೀ, ಮುದುಕಿ ಪಾಪ" ಎಂದ. ಗಾಜಿನ ಕೋಣೆಯಿಂದ ಮ್ಯಾನೇಜರ್ ಹೊರಗೆ ಇಣುಕಿ, "ಹಾಕು ಹಾಕು, ಒಂದ್ ಸಲಕ್ಕೆ ಎಂತ ಆಗೂದಿಲ್ಲ" ಎಂದ.

ಅವಳು ಅವನತ್ತ ಪೈಪು ಚಾಚಿದಳು. "ಹಂಗಾದ್ರೆ ನೀವೇ ಬಂದು ಹಾಕಿ ಸರ್. ನಾ ಹಾಕೂದಿಲ್ಲ."

ಮ್ಯಾನೇಜರ್ ತಲೆ ಒಳಗೆಳೆದುಕೊಂಡ.

ಅವಳು ಪೈಪನ್ನು ಅದರ ಜಾಗದಲ್ಲಿ ಸಿಕ್ಕಿಸಿ ಹತ್ತಿರ ಬಂದಳು. ಏನು ಮಾಡುತ್ತಾಳೆಂದು ನನಗೆ ತಿಳಿಯುವುದರೊಳಗೆ ಕಿಟಕಿಯಿಂದ ಕೈ ಹಾಕಿ ಗುಂಡಿ ಒತ್ತಿಬಿಟ್ಟಳು. ಬೆಳಗ್ಗೆಯಿಂದ ಕಿವಿಯಲ್ಲಿ ತುಂಬಿದ್ದ ಸದ್ದು ಫಕ್ಕನೆ ನಿಂತಿತು. ಅದರ ಜೊತೆಗೆ ನನ್ನ ಎದೆಯೂ.

"ಆತು" ಎಂದಳು ಅಕ್ಕ, ಚೀಲ ಎತ್ತಿಕೊಳ್ಳುತ್ತ. "ಬಸ್ ಸ್ಟ್ಯಾಂಡು ಯಾವ ಬದಿಗೆ ಇದ್ದು?"

ಬಂಕಿನ ಹೆಂಗಸು ನನ್ನ ಕೈಯಿಂದ ಆ ಸತ್ತ ಕೀಯನ್ನು ತೆಗೆದುಕೊಂಡಳು. "ಬ್ರೇಕ್ ಒತ್ತಿ ಹಿಡೀರಿ ಸರ್" ಎಂದು, ಕೀಯ ತುದಿಯನ್ನೇ ಗುಂಡಿಗೆ ಆನಿಸಿ ಒತ್ತಿದಳು. ಕಾರು ಚಾಲೂ ಆಯಿತು! ಏನೂ ಆಗಿಲ್ಲವೆಂಬಂತೆ ಗುರುಗುಟ್ಟಿತು.

"ಸೆಲ್ ಸತ್ರೂ ಹಿಂಗೆ ತಾಗಿಸಿ ಒತ್ತಿದ್ರೆ ಚಾಲೂ ಆಗ್ತದೆ. ಇಂಥಾ ಗಾಡಿ ದಿನಾ ಬತ್ತವೆ ಸರ್, ಎಲ್ಲರೂ ನಿಮ್ಮಂಗೇ ಹೆದರ್ಕಂಡು ಬತ್ರು."

ನನ್ನ ಕಣ್ಣಲ್ಲಿ ನೀರು ಬಂದಿತ್ತು. ಎರಡೂ ಕೈ ಜೋಡಿಸಿ, "ಬೇಗ ಹಾಕಿಬಿಡಮ್ಮಾ" ಎಂದೆ.

ಅವಳು ನನ್ನನ್ನೊಮ್ಮೆ ನೋಡಿದಳು, ಓಡುತ್ತಿದ್ದ ಎಂಜಿನ್ನಿನ ಕಡೆ ಒಮ್ಮೆ. ಮತ್ತೆ ಕೈ ಒಳಗೆ ಹಾಕಿ, ಗುಂಡಿ ಒತ್ತಿ, ಬಂದ್ ಮಾಡಿದಳು. ಪೈಪು ಎತ್ತಿಕೊಂಡು ಪಂಪಿನ ಮೀಟರಿನ ಕಡೆ ತೋರಿಸಿದಳು.

"ಈಗ ಜೀರೋ ನೋಡ್ಕಳಿ ಸರ್."