ಅರವತ್ತಾರಕ್ಕೆ ಓಡಿಹೋದ ಅತ್ತಿ

ನಮ್ಮ ಮನೆತನದ ಹೆಣ್ಣುಮಕ್ಕಳಲ್ಲಿ ಓಡಿಹೋದವಳು ಅಂತ ಯಾರಾದರೂ ಇದ್ದರೆ ಅದು ನಮ್ಮ ಅತ್ತಿ ಒಬ್ಬಳೇ. ಅದೂ ಹದಿನಾರರಲ್ಲಲ್ಲ, ಅರವತ್ತಾರರಲ್ಲಿ! ಒಮ್ಮೆ ಓಡಿಹೋಗಿ ಸುಮ್ಮನಾದಳೇ? ಅದೂ ಇಲ್ಲ. ಈಗ ಪ್ರತಿ ವರ್ಷ ನವೆಂಬರ್ ಮುಗಿಯುವ ಹೊತ್ತಿಗೆ ಓಡಿಹೋಗುತ್ತಾಳೆ, ಫೆಬ್ರವರಿ ಕೊನೆಗೆ ಕರ್ರಗಾಗಿ, ಗುಂಡಗಾಗಿ ವಾಪಸು ಬರುತ್ತಾಳೆ.

ಅತ್ತಿ ಅಂದರೆ ನನ್ನ ಅಪ್ಪನ ಅಕ್ಕ. ಧಾರವಾಡದವಳು. ಮದುವೆಯಾಗಿ ಮಾಮಾನ ಹಿಂದೆ ಲಂಡನ್ನಿಗೆ ಬಂದು ನಲವತ್ತಕ್ಕೂ ಹೆಚ್ಚು ವರ್ಷವಾಯಿತು. ಮಾಮಾ ತೀರಿಕೊಂಡ ಮೇಲೆ ರೇನರ್ಸ್ ಲೇನ್‌ನಲ್ಲಿ ಮಗ ಗಿರೀಶನ ಮನೆಯಲ್ಲೇ ಇದ್ದಾಳೆ; ಅದೇ ಓಣಿಯಲ್ಲಿ ನಮ್ಮದೂ ಮನೆ. ಇಷ್ಟು ವರ್ಷವಾದರೂ ಈ ಊರಿನ ಚಳಿಯ ಜೊತೆ ಅವಳ ಜಗಳ ಮುಗಿದಿಲ್ಲ. ಇಳಕಲ್ ಸೀರೆಯ ಕೆಳಗೆ ಥರ್ಮಲ್, ಅದರ ಮೇಲೆ ಸ್ವೆಟರ್, ಅದರ ಮೇಲೆ ಮಾಮಾನ ಹಳೆಯ ಕೋಟು. ಇಷ್ಟು ಹೇರಿಕೊಂಡು ರೇಡಿಯೇಟರಿಗೆ ಬೆನ್ನು ಕೊಟ್ಟು ಕೂತರೆ ಎಬ್ಬಿಸುವವರಿಲ್ಲ. ಅಕ್ಟೋಬರ್ ಕೊನೆಗೆ ಗಡಿಯಾರವನ್ನು ಒಂದು ತಾಸು ಹಿಂದಿಡುತ್ತಾರಲ್ಲ, ಅದನ್ನಂತೂ ಸರ್ಕಾರ ತನಗೊಬ್ಬಳಿಗೇ ಮಾಡಿದ ಅನ್ಯಾಯ ಎಂದೇ ತಿಳಿದಿದ್ದಳು.

ಒಂದು ವರ್ಷ ಮಂಡಿನೋವು, ಸೊಂಟನೋವು, ಬೇಜಾರು ಎಲ್ಲವನ್ನೂ ಒಟ್ಟಿಗೆ ಕಟ್ಟಿಕೊಂಡು ಜಿಪಿ ಹತ್ತಿರ ಹೋದಳು. ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, ವಿಟಮಿನ್ ಡಿ ಕಡಿಮೆ ಇದೆ, ಗುಳಿಗೆ ತೊಗೊಳ್ಳಿ, ಆದಷ್ಟು ಬಿಸಿಲಿನಲ್ಲಿ ಓಡಾಡಿ ಎಂದರಂತೆ. ಲಂಡನ್ನಿನ ಡಿಸೆಂಬರಿನಲ್ಲಿ ಬಿಸಿಲು! ಬೇರೆ ಯಾರಾದರೂ ನಕ್ಕು ಗುಳಿಗೆ ನುಂಗಿ ಸುಮ್ಮನಾಗುತ್ತಿದ್ದರು. ಅತ್ತಿ ಮನೆಗೆ ಬಂದವಳೇ ಗಂಭೀರವಾಗಿ ಘೋಷಿಸಿದಳು: "ನನಗ ಡಾಕ್ಟರ್ ಬಿಸಲು ಬರದ ಕೊಟ್ಟಾರ. ಇಲ್ಲೆ ಯಾವ ಅಂಗಡ್ಯಾಗೂ ಅದು ಸಿಗಂಗಿಲ್ಲ."

ಎದುರು ಮನೆಯ ಮೊರೀನ್ ಅತ್ತಿಯ ಹಳೆಯ ಗೆಳತಿ. ಐರ್ಲೆಂಡಿನವಳು, ಎಪ್ಪತ್ತು ದಾಟಿದೆ. ಅವಳೂ ಅವಳ ಗಂಡನೂ ಚಳಿಗಾಲ ಬಂದರೆ ತಮ್ಮ ಮೋಟರ್‌ಹೋಮ್ ಹತ್ತಿ ಸ್ಪೇನಿನ ದಕ್ಷಿಣಕ್ಕೆ ಹೋಗುತ್ತಿದ್ದರು. ಅಡುಗೆಮನೆ, ಹಾಸಿಗೆ, ಬಚ್ಚಲು ಎಲ್ಲ ಒಳಗೇ ಇರುವ, ಸಣ್ಣ ಲಾರಿಯಷ್ಟು ದೊಡ್ಡ ಗಾಡಿ ಅದು. ಅಲ್ಲಿ ಸಮುದ್ರದ ದಂಡೆಗೆ ಇಂಥ ಗಾಡಿಗಳಿಗಾಗಿಯೇ ಕ್ಯಾಂಪ್‌ಸೈಟುಗಳಿವೆ. ನಲ್ಲಿ, ಕರೆಂಟು, ಈಜುಕೊಳ ಎಲ್ಲ ಇರುತ್ತದೆ. ಯುರೋಪಿನ ಮುದುಕ ಮುದುಕಿಯರು ವಲಸೆ ಹಕ್ಕಿಗಳ ಹಾಗೆ ಬಂದು ಬಿಸಿಲು ಕಾಯಿಸಿಕೊಂಡು ಹೋಗುತ್ತಾರೆ. ಗಂಡ ತೀರಿಕೊಂಡ ಮೇಲೆ ಆ ಗಾಡಿ ಮೊರೀನ್ ಮನೆಯ ಮುಂದೆ ಪಾಚಿ ಹಿಡಿದು ನಿಂತಿತ್ತು. ಅವಳಿಗೆ ಡ್ರೈವಿಂಗ್ ಬಾರದು. ಪಕ್ಕದ ಮನೆಯ ಗುಜರಾತಿ ಹಂಸಾಬೆನ್‌ಗೂ ಬಾರದು. ಮೂವರು ಗೆಳತಿಯರಲ್ಲಿ ಲೈಸೆನ್ಸ್ ಇದ್ದದ್ದು ಅತ್ತಿಗೆ ಮಾತ್ರ. ಅದೂ ಎಂಥ ಡ್ರೈವರು? ಸೌತ್‌ಹಾಲ್‌ಗೆ ಜೋಳದ ಹಿಟ್ಟು ತರಲು ಹೋದರೆ ಪಾರ್ಕಿಂಗ್ ಕಷ್ಟ ಅಂತ ಅಂಗಡಿಯನ್ನು ದೂರದಿಂದ ನೋಡಿ ವಾಪಸು ಬಂದ ಡ್ರೈವರು!

ಆದರೂ ಆ ಗಾಡಿಯಲ್ಲಿ ಮೂವರೂ ಸ್ಪೇನಿನ ಬಿಸಿಲಿಗೆ ಹೋಗುವುದೇ ಸೈ ಎಂದು ಅತ್ತಿ ಹಟ ಹಿಡಿದಳು. ಗ್ಯಾರೇಜಿನವನು ಗಾಡಿ ರಿಪೇರಿ ಮಾಡಿಕೊಟ್ಟ. ಗಿರೀಶ ತಾಯಿಗೆ ಕಲಿಸಲು ಒಪ್ಪಿಕೊಂಡ. ಹೇಗೂ ಕಲಿಯುವುದಿಲ್ಲ, ವಿಷಯ ಅಲ್ಲಿಗೇ ಮುಗಿಯುತ್ತದೆ ಎಂಬುದು ಅವನ ಲೆಕ್ಕಾಚಾರ. ಭಾನುವಾರ ಬೆಳಿಗ್ಗೆ ಅಕ್ಸ್‌ಬ್ರಿಡ್ಜ್ ಕಡೆಯ ಸೂಪರ್‌ಮಾರ್ಕೆಟ್ಟೊಂದರ ಖಾಲಿ ಕಾರ್‌ಪಾರ್ಕಿನಲ್ಲಿ ಪಾಠ ಶುರುವಾಯಿತು. ಮುಂದಕ್ಕೆ ಹೋಗುವುದೇನೋ ಬಂತು. ಕಷ್ಟ ಬಂದದ್ದು ರಿವರ್ಸಿಗೆ. ಹಂಸಾಬೆನ್ ಗಾಡಿಯ ಹಿಂದೆ ನಿಂತು "ಆವೋ, ಆವೋ" ಎಂದು ಕೈಬೀಸುತ್ತಿದ್ದಳು. ಇನ್ನೊಂದು ಬದಿಗೆ ಮೊರೀನ್ ನಿಲ್ಲಿಸು ಅಂತ ಕೈಯೆತ್ತಿದ್ದಳು. ಅತ್ತಿ ಇಬ್ಬರಲ್ಲಿ ಯಾರಿಗೂ ಬೇಸರ ಮಾಡಬಾರದೆಂದು ಸ್ವಲ್ಪ ಬಂದಳು, ಸ್ವಲ್ಪ ನಿಂತಳು, ಮತ್ತೆ ಸ್ವಲ್ಪ ಬಂದಳು. ಹಿಂದಿದ್ದ ಟ್ರಾಲಿಗಳ ಸಾಲು ಮಡಚಿಕೊಂಡು ಒಂದರೊಳಗೊಂದು ಹೊಕ್ಕಿತು. ಗಿರೀಶ ತಲೆಯ ಮೇಲೆ ಕೈ ಹೊತ್ತು ಕೂತ. ಅತ್ತಿ ಮಾತ್ರ ಕೆಳಗಿಳಿದು ನೋಡಿ, ಗಾಡಿಗೆ ಏನೂ ಆಗಿಲ್ಲ, ಭಾಳ ಗಟ್ಟಿ ಅದ ಅಂತ ಮೆಚ್ಚಿಕೊಂಡಳು. ಮುಂದಿನ ಬೇಸಿಗೆಯಷ್ಟರಲ್ಲಿ ಆ ಆನೆಯಂಥ ಗಾಡಿಯನ್ನು ನಮ್ಮ ಓಣಿಯ ಕಾರುಗಳ ನಡುವೆ ಸೂಜಿಗೆ ದಾರ ಪೋಣಿಸಿದಂತೆ ಒಯ್ಯುವಷ್ಟು ಕಲಿತುಬಿಟ್ಟಿದ್ದಳು.

ಆಗ ಗಿರೀಶನಿಗೆ ನಿಜವಾದ ಭಯ ಹತ್ತಿತು. ಮನೆಯಲ್ಲಿ ಸಭೆ ಸೇರಿಸಿದ. ಮಗಳನ್ನು ಶಾಲೆಯಿಂದ ಕರೆತರುವವರು ಯಾರು, ಸಂಕ್ರಾಂತಿಗೆ ಕನ್ನಡದ ಮಂದಿಗೆಲ್ಲ ಸಿಹಿ ಮಾದಲಿ ಮಾಡುವವರು ಯಾರು, ದಾರಿಯಲ್ಲಿ ಆರೋಗ್ಯ ಕೆಟ್ಟರೆ ಏನು ಗತಿ ಎಂದೆಲ್ಲ, ಆಫೀಸಿನಲ್ಲಿ ಮಾಡುವ ಹಾಗೆ, ಒಂದೊಂದಾಗಿ ಅಪಾಯಗಳನ್ನು ಮಂಡಿಸಿದ. ಅತ್ತಿ ಪೂರ್ತಿ ಕೇಳಿಸಿಕೊಂಡಳು.

"ನಿಮ್ಮ ಆಫೀಸಿನ್ಯಾಗ ಯಾರರ ಮೂರು ತಿಂಗಳು ರಜಾ ಹೋದ್ರ ಆಫೀಸ್ ಮುಚ್ಚತೀರೇನು?"

ಗಿರೀಶ, ಇಲ್ಲ, ಯಾರಾದರೂ ನೋಡಿಕೊಳ್ಳುತ್ತಾರೆ ಎಂದ.

"ಹಂಗಾರ ನೋಡ್ಕೋರಿ."

ಹೋಮ್‌ವರ್ಕ್ ಮಾಡುತ್ತ ಕೂತಿದ್ದ ಮೊಮ್ಮಗಳು ತಲೆ ಎತ್ತದೆ "ಜಸ್ಟ್ ಲೆಟ್ ಹರ್ ಗೋ, ಡ್ಯಾಡ್" ಎಂದಳು. ಸಭೆ ಬರಖಾಸ್ತಾಯಿತು.

ಹೊರಡುವ ದಿನ ಗಾಡಿಯೊಳಗೆ ಹೋಗಿದ್ದೇನು ಕೇಳುತ್ತೀರಿ! ಖಡಕ್ ರೊಟ್ಟಿಯ ಗೋಪುರ, ಶೇಂಗಾ ಚಟ್ನಿ, ಹಂಸಾಬೆನ್‌ಳ ಮೆಂತ್ಯದ ರೊಟ್ಟಿ ಥೇಪ್ಲಾ, ಮೊರೀನ್‌ಳ ಚಹಾಪುಡಿ, ಮತ್ತು ಅತ್ತಿ ಮನೆಯಲ್ಲೇ ಕಾಸಿದ ತುಪ್ಪದ ದೊಡ್ಡ ಡಬ್ಬಿ. ಹಡಗು ಹತ್ತಿ ಸ್ಪೇನಿನ ಬಂದರಿಗೆ ಇಳಿದಾಗ ಅಲ್ಲಿನ ಅಧಿಕಾರಿ ಆ ಡಬ್ಬಿಯನ್ನು ಹಿಡಿದ. ಬ್ರಿಟನ್ನಿನಿಂದ ಹಾಲಿನ ಪದಾರ್ಥ ಒಳಗೆ ತರುವಂತಿಲ್ಲ, ಕಸಕ್ಕೆ ಹಾಕಿ ಎಂದ. ಕಸಕ್ಕೆ ತುಪ್ಪ? ಅತ್ತಿ ಐದು ನಿಮಿಷ ಸಮಯ ಕೇಳಿಕೊಂಡಳಂತೆ. ಮೂವರೂ ಅಲ್ಲೇ ಗಾಡಿಯ ಮೆಟ್ಟಿಲ ಮೇಲೆ ಕೂತು ರೊಟ್ಟಿಗೆ, ಥೇಪ್ಲಾಕ್ಕೆ ತುಪ್ಪ ಸುರಿದುಕೊಂಡು ತಿಂದರು. ತಿನ್ನಲಾರದೆ ಉಳಿದದ್ದನ್ನು ಮೊರೀನ್ ಮಂಡಿಗೆ ತಿಕ್ಕಿಕೊಂಡಳು. ಅಧಿಕಾರಿ ಬರಿದಾದ ಡಬ್ಬಿಯನ್ನು ಮೂಸಿ ನೋಡಿ ಬಿಟ್ಟುಕಳಿಸಿದ. ಹೊಟ್ಟೆಯೊಳಗಿನ ತುಪ್ಪಕ್ಕೂ ಮಂಡಿಯ ಮೇಲಿನ ತುಪ್ಪಕ್ಕೂ ಯಾವ ದೇಶದಲ್ಲಿಯೂ ಕಾನೂನಿಲ್ಲವಷ್ಟೆ!

ಮೊದಮೊದಲು ಅತ್ತಿ ದಿನಾ ಫೋನು ಮಾಡುತ್ತಿದ್ದಳು. ಜನವರಿ ದಾಟುತ್ತಿದ್ದಂತೆ ಮಾತು ಚುಟುಕಾಯಿತು. ನಾವು ಮಾಡಿದರೆ ಎತ್ತುತ್ತಿರಲಿಲ್ಲ. ಎತ್ತಿದರೂ ಗಡಿಬಿಡಿಯಲ್ಲಿ ಎರಡು ಮಾತಾಡಿ ಇಟ್ಟುಬಿಡುತ್ತಿದ್ದಳು. ಅವ್ವನಿಗೆ ಏನೋ ಆಗಿದೆ, ನಮಗೆ ಹೇಳುತ್ತಿಲ್ಲ ಎಂದು ಗಿರೀಶ ಊಟ ಬಿಟ್ಟ. ನನಗೆ ರಜೆ ಉಳಿದಿತ್ತು. ಹೋಗಿ ನೋಡು, ಸುಸ್ತಾಗಿದ್ದರೆ ವಿಮಾನದಲ್ಲಿ ಕರೆದುಕೊಂಡು ಬಾ ಎಂದು ನನ್ನನ್ನು ಕಳಿಸಿದ.

ಕ್ಯಾಂಪ್‌ಸೈಟಿನ ಗೇಟಿನಲ್ಲಿ ಇಳಿದು, ಹೆಸರು ಹೇಳಿ ವಿಚಾರಿಸಿದರೆ ಯಾರಿಗೂ ಗೊತ್ತಿಲ್ಲ. ಸೀರೆ ಉಡುವ ಭಾರತದ ಹೆಂಗಸು ಎಂದು ವಿವರಿಸಿದಾಗ ಆರಡಿ ಎತ್ತರದ ಜರ್ಮನ್ ಮುದುಕನೊಬ್ಬನ ಮುಖ ಅರಳಿತು. "ಓ, ಅಟ್ಟಿ!" ಎಂದ. ಹಿಂದೊಮ್ಮೆ ವಿಡಿಯೋ ಕಾಲಿನಲ್ಲಿ ನಾನು ಅತ್ತಿ, ಅತ್ತಿ ಎಂದು ಕೂಗಿದ್ದನ್ನು ಕೇಳಿ ಇವರೆಲ್ಲ ಅದನ್ನೇ ಅವಳ ಹೆಸರೆಂದು ತಿಳಿದಿದ್ದರು. ಡಚ್ಚರು, ಬೆಲ್ಜಿಯಮ್ಮಿನವರು, ಎಂಬತ್ತು ದಾಟಿದ ಜರ್ಮನ್ನರು ಎಲ್ಲರಿಗೂ ಅವಳು ಅತ್ತಿಯೇ. ನನ್ನೊಬ್ಬಳಿಗೆ ಸೋದರತ್ತೆಯಾಗಿದ್ದವಳು ಇಡೀ ಯುರೋಪಿಗೆ ಸೋದರತ್ತೆಯಾಗಿ ಕೂತಿದ್ದಳು!

ಅಷ್ಟೊಂದು ಬ್ಯುಸಿ ಯಾಕೆ ಎಂಬುದು ಮರುದಿನ ಬೆಳಿಗ್ಗೆ ಗೊತ್ತಾಯಿತು. ಭಾರತದವಳು, ಸೀರೆಯವಳು, ಅಂದಮೇಲೆ ಯೋಗ ಬಂದೇ ಬರುತ್ತದೆ ಎಂಬುದು ಅಲ್ಲಿಯವರ ನಂಬಿಕೆ. ಅತ್ತಿ ಜನ್ಮದಲ್ಲಿ ಒಂದು ಆಸನ ಹಾಕಿದವಳಲ್ಲ. ಬರುವುದಿಲ್ಲ ಎಂದು ಎಷ್ಟು ಹೇಳಿದರೂ ಅದನ್ನು ಅವರು ವಿನಯ ಎಂದುಕೊಂಡರು. ಕೊನೆಗೆ ಬೇಸತ್ತು, ಇದು ಯೋಗ ಅಲ್ಲ, ನಮ್ಮವ್ವ ಮುಂಜಾನೆ ಮಾಡುತ್ತಿದ್ದ ಕೆಲಸ, ಬೇಕಾದರೆ ಇದನ್ನು ಕಲಿಸುತ್ತೇನೆ ಎಂದು ಶುರುಮಾಡಿದಳಂತೆ. ನಾನು ಹೋದಾಗ ಹುಲ್ಲಿನ ಮೇಲೆ ಒಂದು ದಂಡು ಮುದುಕ ಮುದುಕಿಯರು ಚಾಪೆ ಹಾಸಿ, ಒಂದು ಕಾಲು ಚಾಚಿ ಕೂತು, ಕಣ್ಣಿಗೆ ಕಾಣದ ಬೀಸುವಕಲ್ಲಿನಲ್ಲಿ ಕಣ್ಣಿಗೆ ಕಾಣದ ಜೋಳ ಬೀಸುತ್ತಿದ್ದರು. ಆಮೇಲೆ ಎದ್ದು ಬಾವಿಯಿಂದ ನೀರು ಸೇದಿದರು. ಬಗ್ಗಿ ಅಂಗಳ ಸಾರಿಸಿದರು. ಬೆರಳುಗಳಿಗೆ ಒಳ್ಳೆಯದೆಂದು ಕೊನೆಗೆ ಶ್ಯಾವಿಗೆ ಹೊಸೆದರು. ಜರ್ಮನ್ ಮುದುಕ ನನ್ನ ಹತ್ತಿರ ಬಂದು, ಬೀಸಲು ಶುರುಮಾಡಿದ ಮೇಲೆ ತನ್ನ ಭುಜದ ನೋವು ಹೋಯಿತೆಂದು ಬಹಳ ಭಕ್ತಿಯಿಂದ ಹೇಳಿದ. ನಾನು ನಗು ತಡೆಯಲು ಚಪ್ಪಲಿ ಹುಡುಕುವವಳಂತೆ ಬಗ್ಗಿಕೊಂಡೆ.

ಸಂಜೆ ಅತ್ತಿಯ ಜೊತೆ ದಂಡೆಯ ಮೇಲೆ ನಡೆಯುತ್ತ, ಗಿರೀಶ ಬಹಳ ಮನಸ್ಸಿಗೆ ಹಚ್ಚಿಕೊಂಡಿದ್ದಾನೆ, ನಿನಗೇನೋ ಆಗಿದೆ ಎಂದು ಹೆದರಿದ್ದಾನೆ ಎಂದೆ. ಅವಳಿಗೆ ನಿಜವಾಗಿಯೂ ಕೆಡುಕೆನಿಸಿತು. ಅಲ್ಲಿಯೇ ನಿಂತು ಮಗನಿಗೆ ಫೋನು ಹಚ್ಚಿ, ಚೆನ್ನಾಗಿದ್ದೇನೆಂದು ಹೇಳಿ, ಸರಿಯಾಗಿ ಊಟ ಮಾಡು ಎಂದು ಬೈದು ಇಟ್ಟಳು. ಆಮೇಲೆ ನನ್ನ ಕಡೆ ನೋಡದೆ ಹೇಳಿದಳು:

"ನಿಮ್ಮಪ್ಪ ಹಾಸ್ಟೆಲಿಂದ ಸೂಟಿಗೆ ಮನಿಗೆ ಬಂದಾಗೆಲ್ಲ ಗೆಳ್ಯಾರ ಕಥಿ ಹೇಳ್ತಿದ್ದ. ರಾತ್ರಿ ಕೂತು ಹರಟಿ ಹೊಡದದ್ದು, ಒಂದ ತಾಟಿನ್ಯಾಗ ಉಂಡದ್ದು. ನಾ ರೊಟ್ಟಿ ಬಡಕೋತ ಕೇಳ್ತಿದ್ದೆ. ಎಷ್ಟ ಹೊಟ್ಟಿಕಿಚ್ಚ ಆಗ್ತಿತ್ತಂತೀ. ನನಗ ಮನಿ ಸಿಕ್ತು, ಗಂಡ ಸಿಕ್ಕ, ಮಗ ಸಿಕ್ಕ, ಎಲ್ಲಾ ಛಲೋನ ಸಿಕ್ಕರು. ಹಾಸ್ಟೆಲ್ ಒಂದು ಸಿಕ್ಕಿರಲಿಲ್ಲ."

ಕರೆದುಕೊಂಡು ಹೋಗಲು ಬಂದವಳು ನಾನು ಎಂಬುದನ್ನು ಬಾಯಿಬಿಡಲಿಲ್ಲ.

ನಾನು ಹೊರಡುವ ದಿನ ಬೆಳಿಗ್ಗೆ ಚೀಲ ಹಿಡಿದು ಗಾಡಿಯಿಂದ ಇಳಿದೆ. ಹೊರಗೆ ಬಿಸಿಲಿನಲ್ಲಿ ಅತ್ತಿ ತಲೆಸ್ನಾನ ಮಾಡಿ ಕೂದಲು ಹರವಿಕೊಂಡು ಮಣೆಯಂಥ ಗಿಡ್ಡ ಸ್ಟೂಲಿನ ಮೇಲೆ ಕೂತಿದ್ದಳು. ಹಿಂದೆ ಮಡಚುವ ಕುರ್ಚಿಯಲ್ಲಿ ಮೊರೀನ್. ಹಲ್ಲಿನಲ್ಲಿ ಬಾಚಣಿಗೆ ಕಚ್ಚಿಕೊಂಡು, ಅತ್ತಿಯ ಬಿಳಿಕೂದಲನ್ನು ಮೂರು ಕಾಲು ಮಾಡಿ ಜಡೆ ಹೆಣೆಯುತ್ತಿದ್ದಾಳೆ. ಹಂಸಾಬೆನ್ ಪಕ್ಕದಲ್ಲಿ ಬಟಾಣಿ ಸುಲಿಯುತ್ತ, ಹಾಗಲ್ಲ, ಹೀಗೆ ಅಂತ ತಿದ್ದುತ್ತಿದ್ದಾಳೆ.

ನಮ್ಮ ಅಜ್ಜಿ ತೀರಿಕೊಂಡಾಗ ಅತ್ತಿ ಇನ್ನೂ ಲಂಗ ಉಡುವ ಹುಡುಗಿ. ಅಂದಿನಿಂದ ತಂಗಿಯರ ತಲೆ ಬಾಚಿದವಳು ಅವಳೇ. ಆಮೇಲೆ ನನ್ನದು, ಆಮೇಲೆ ಮೊಮ್ಮಗಳದು. ಅವಳ ತಲೆಯನ್ನು ಬೇರೆ ಯಾರಾದರೂ ಬಾಚಿದ್ದನ್ನು ನಾನು ಆವರೆಗೆ ನೋಡಿರಲಿಲ್ಲ. ನೋಡಿಲ್ಲ ಎಂಬುದು ಕೂಡ ನನಗೆ ಹೊಳೆದಿರಲಿಲ್ಲ.

ಅತ್ತಿ ಕಣ್ಣು ಮುಚ್ಚಿಕೊಂಡು, ಮುಖವನ್ನು ಬಿಸಿಲಿಗೆ ಕೊಟ್ಟು ಕೂತಿದ್ದಳು. ಜಡೆ ಮುಗಿಯಿತು. ಸೊಟ್ಟಗೆ, ಒಂದು ಕಡೆ ಸಡಿಲ, ಒಂದು ಕಡೆ ಬಿಗಿ. ಅತ್ತಿ ಅದನ್ನು ಮುಂದಕ್ಕೆ ಎಳೆದುಕೊಂಡು, ತುದಿಯವರೆಗೆ ಬೆರಳಾಡಿಸಿ ನೋಡಿದಳು. ಬಹಳ ಚಂದ ಆಗಿದೆ ಎಂದು ಮೊರೀನ್‌ಗೆ ಹೇಳಿದಳು. ಆಮೇಲೆ ತಾನೇ ಪೂರ್ತಿ ಬಿಚ್ಚಿ, ಕೂದಲನ್ನು ಮತ್ತೆ ಬೆನ್ನಿನ ಮೇಲೆ ಹರವಿ, ಇನ್ನೊಮ್ಮೆ ಹಾಕು ಎಂದಳು.