ಸರ್ವೇಯರ್ ಮುಖದ ಸೂರಕ್ಕಿ

ಸರ್ಕಾರಿ ಕೆಲಸದಲ್ಲಿರುವವನಿಗೆ ಮುಖದಿಂದ ಆಗುವ ಉಪಯೋಗ ಒಂದೇ, ಅದನ್ನು ಗಂಟು ಹಾಕಿಕೊಂಡಿರುವುದು. ಇಪ್ಪತ್ತು ವರ್ಷದಿಂದ ಶಿಕಾರಿಪುರ ತಾಲ್ಲೂಕಿನ ಹೊಲ ಅಳೆಯುತ್ತಿರುವ ಸರ್ವೇಯರ್ ನಾನು. ಬದುವಿನ ಎರಡೂ ಕಡೆಯವರು ನಕ್ಷೆ ನೋಡುವುದಿಲ್ಲ, ನನ್ನ ಮುಖ ನೋಡುತ್ತಾರೆ. ಈ ಕಡೆ ತಿರುಗಿ ಸ್ವಲ್ಪ ನಕ್ಕರೆ ಸಾಕು, ಆ ಕಡೆಯವರು ತಕರಾರು ಅರ್ಜಿ ಬರೆಸುತ್ತಾರೆ. ಹಾಗಾಗಿ ನಾನು ನಗುವುದನ್ನು ಬಿಟ್ಟು ಬಹಳ ಕಾಲವಾಯಿತು. ಇಷ್ಟು ಜೋಪಾನ ಮಾಡಿದ ಮುಖವನ್ನು ನನ್ನ ಹೆಂಡತಿ ಒಂದು ಭಾನುವಾರ ಬೆಳಿಗ್ಗೆ ಹಕ್ಕಿ ಮಾಡಿಬಿಟ್ಟಳು. ನಗಿ, ನಗಿ. ನಿಮಗೇನು, ಸೋಮವಾರ ಅಳೆಯಲು ಹೊಲ ಇರಲಿಲ್ಲವಲ್ಲ.

ಹೆಂಡತಿ ವಿಶಾಲಾ ಸೊರಬದ ಕಡೆಯವಳು, ಇಲ್ಲೇ ಶಿಕಾರಿಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಪಾಠ ಶುರುವಾದರೆ ಆಕಳಿಸುವ ಮಕ್ಕಳು ಮೇಕಪ್ ವಿಡಿಯೋವನ್ನು ಮಾತ್ರ ಬಾಯಿ ಬಿಟ್ಟುಕೊಂಡು ನೋಡುತ್ತಾರೆ ಎಂಬುದನ್ನು ಅವಳು ಅದು ಹೇಗೋ ಕಂಡುಕೊಂಡಳು. ಅಂದಿನಿಂದ ಕಾಡುಹಕ್ಕಿಗಳ ಬಣ್ಣವನ್ನು ಮುಖಕ್ಕೆ ಬಳಿದುಕೊಳ್ಳುವುದು, ಬಳಿಯುತ್ತಲೇ ಆ ಹಕ್ಕಿಯ ವಿಜ್ಞಾನ ಹೇಳುವುದು, ಅದನ್ನು ಫೋನಿನಲ್ಲಿ ಹಿಡಿದು ಮಕ್ಕಳಿಗೆ ಕಳಿಸುವುದು. ಮಿಂಚುಳ್ಳಿ, ಮರಕುಟಿಗ ಎಲ್ಲ ಅವಳ ಮುಖದ ಮೇಲೇ ಬಂದುಹೋದವು, ನಾನು ಸುಮ್ಮನಿದ್ದೆ. ಮರಕುಟಿಗ ತಂದುಕೊಟ್ಟ ಕಾಫಿಯನ್ನೂ ಮಾತಾಡದೆ ಕುಡಿದಿದ್ದೇನೆ. ಎಡವಟ್ಟಾದದ್ದು ಸೂರಕ್ಕಿಯಿಂದ, ಅದೇ, ದಾಸವಾಳದ ಹೂವಿಗೆ ಕೊಕ್ಕು ಹಾಕುವ ಹೆಬ್ಬೆರಳು ಗಾತ್ರದ ಹಕ್ಕಿ.

"ರೀ, ಇದ್ರಲ್ಲಿ ಹೆಣ್ಣಿನ ಬಣ್ಣ ಮಂಕು. ಮಿಂಚೋದೆಲ್ಲ ಗಂಡೇ. ನೀವೇ ಕೂತ್ಕಳಿ" ಎಂದಳು.

"ನಾಳೆ ಈಸೂರಿನಾಚೆ ಗಡಿ ಅಳತೆ ಇದೆ ಕಣೇ."

"ಎಂತ ಆಗದಿಲ್ಲ ಮಾರಾಯ್ರೇ, ತೊಳೆದ್ರೆ ಹೋಗ್ತದೆ."

ಹೋಗುತ್ತಿತ್ತೇನೋ. ಆದರೆ ಹಣೆಯಿಂದ ಇಳಿದು ಮೂಗಿನ ಹತ್ತಿರ ಬರುವಷ್ಟರಲ್ಲಿ ಅವಳ ನೀಲಿ ಖಾಲಿಯಾಯಿತು. ಅರ್ಧ ಸೂರಕ್ಕಿಯನ್ನು ಮಕ್ಕಳಿಗೆ ಹೇಗೆ ತೋರಿಸುವುದೆಂದು ಅವಳ ಮುಖ ಸಣ್ಣದಾಯಿತು. ಆಗ ನನ್ನ ತಲೆ ಓಡಿತು ನೋಡಿ, ಓಡಬಾರದ ಕಡೆಗೇ ಓಡಿತು. ಮನೆ ಹಿಂದಿನ ಖಾಲಿ ಸೈಟಿನಲ್ಲಿ ಹನುಮಂತಪ್ಪ ಎಂಬ ಕುರಿಯವನು ಹಿಂಡು ತರುಬಿದ್ದ. ಕುರಿಗಳು ಬೆರೆತುಹೋಗದಂತೆ ಒಬ್ಬೊಬ್ಬರೂ ತಮ್ಮ ಹಿಂಡಿಗೆ ಒಂದೊಂದು ಬಣ್ಣದ ಗುರುತು ಹಚ್ಚುತ್ತಾರಲ್ಲ, ಇವನದು ನೀಲಿ. ಮುಖಕ್ಕೆ ಟವೆಲ್ ಸುತ್ತಿಕೊಂಡು ಹೋಗಿ ಒಂದು ಬಟ್ಟಲು ಕೇಳಿದೆ.

"ಎದಕ್ರೀ ಸಾಹೇಬ್ರ?"

ನನ್ನ ಮುಖಕ್ಕೆ ಎನ್ನಲು ನಾಲಿಗೆ ಏಳಲಿಲ್ಲ. "ಮನೇಲಿ ಒಂದು ಟಗರಿದೆ" ಎಂದುಬಿಟ್ಟೆ.

"ಹಚ್ರಿ, ಮೂರು ಮಳಿ ಹೊಡೆದ್ರೂ ಹೋಗಂಗಿಲ್ಲ" ಎಂದ ಪುಣ್ಯಾತ್ಮ. ಅಷ್ಟು ಸ್ಪಷ್ಟವಾಗಿ ಹೇಳಿದ ಮಾತನ್ನು ನಾನು ಮಾಲಿನ ಹೊಗಳಿಕೆ ಎಂದುಕೊಂಡೆ. ಚರ್ಮಕ್ಕೆ ಏನಾದರೂ ಆದೀತೆಂದು ವಿಶಾಲಾ ಹಿಂಜರಿದಾಗ, "ಕುರಿಗೇ ಏನೂ ಆಗಿಲ್ಲ, ನನಗೇನಾಗುತ್ತೆ" ಎಂದವನೂ ನಾನೇ. ಅವಳು ಗಲ್ಲ, ಗದ್ದ, ಗಂಟಲಿಗೆ ಬಳಿಯುತ್ತಾ ಫೋನಿಗೆ ಹೇಳಿದಳು: "ಮಕ್ಕಳೇ, ಈ ಹಕ್ಕಿಯ ಗರಿಯಲ್ಲಿ ನೀಲಿ ಬಣ್ಣವೇ ಇಲ್ಲ. ಅದು ಬರೀ ಬೆಳಕಿನ ಆಟ."

ಹಕ್ಕಿಯಲ್ಲಿ ಇಲ್ಲದ ಆ ನೀಲಿ ನನ್ನಲ್ಲಿ ಉಳಿಯಿತು. ಕಡಲೆಹಿಟ್ಟು, ಕೊಬ್ಬರಿ ಎಣ್ಣೆ, ಸೀಗೆಪುಡಿ, ಕೊನೆಗೆ ಪಾತ್ರೆ ತಿಕ್ಕುವ ಸೋಪು. ಮೂಗಿನ ಮೇಲಿನದೆಲ್ಲ ಹೋಯಿತು, ಕೆಳಗಿನದು ಜಗ್ಗಲಿಲ್ಲ. ಅಳತೆ ಮುಂದಕ್ಕೆ ಹಾಕೋಣವೆಂದರೆ ಎರಡೂ ಕಡೆಗೆ ನೋಟಿಸ್ ಹೋಗಿತ್ತು. ಬೆಳಿಗ್ಗೆ ಮಾಸ್ಕ್ ಹಾಕಿಕೊಂಡು ಹೊರಟೆ.

ಹೊಲದಲ್ಲಿ ನೋಡುತ್ತೇನೆ, ಬದುವಿನ ಈಚೆ ನಿಂತಿದ್ದಾನೆ ಹನುಮಂತಪ್ಪ! ಪಹಣಿ ಇನ್ನೂ ತೀರಿಹೋದ ಅವರಪ್ಪನ ಹೆಸರಲ್ಲೇ ಇದ್ದರೆ ನನಗೆ ಹೇಗೆ ಗೊತ್ತಾಗಬೇಕು ಹೇಳಿ. ಆಚೆ ಚನ್ನಬಸಪ್ಪ, ಅವನದೂ ಕುರಿ ಹಿಂಡು, ಕೆಂಪು ಗುರುತು. ಬಿಸಿಲಿಗೆ ಬಾಯಾರಿ, ಮುಖದ ನೀಲಿಯನ್ನು ಮರೆತು ನೀರು ಕುಡಿಯಲು ಮಾಸ್ಕ್ ಇಳಿಸಿದೆ. ಚನ್ನಬಸಪ್ಪ ಅಳತೆಯ ಸರಪಳಿಯ ಮೇಲೆ ಕಾಲಿಟ್ಟು ನಿಂತುಬಿಟ್ಟ.

"ಇದೇನ್ರೀ ಸಾಹೇಬ್ರ, ಅವನ ಹಿಂಡಿನ ಗುರುತು ನಿಮ್ಮ ಗದ್ದದ ಮ್ಯಾಲೈತಿ! ನಿಮ್ಮನ್ನೂ ಸೇರಿಸ್ಕಂಡಾನೇನು?"

ಹನುಮಂತಪ್ಪನಾದರೂ ಸುಮ್ಮನಿರಬೇಡವೇ? "ಟಗರಿಗೆ ಅಂದಿದ್ರಲ್ರೀ?" ಎಂದ.

ಇಪ್ಪತ್ತು ವರ್ಷ ಯಾರ ಮನೆಯ ಮಜ್ಜಿಗೆಯನ್ನೂ ಮುಟ್ಟದೆ ಉಳಿಸಿಕೊಂಡ ಹೆಸರು ಒಂದು ಬಟ್ಟಲು ಬಣ್ಣಕ್ಕೆ ಮುಳುಗಿತು. ಬೇರೆ ದಾರಿ ಇಲ್ಲದೆ ಫೋನ್ ತೆಗೆದು ವಿಡಿಯೋ ತೋರಿಸಿದೆ. ವರ್ಷಗಟ್ಟಲೆ ಮಾತು ಬಿಟ್ಟಿದ್ದ ಇಬ್ಬರೂ ತಲೆಗೆ ತಲೆ ತಾಗಿಸಿ ಕೊನೆಯವರೆಗೂ ನೋಡಿದರು.

"ಗಂಡಿಗ್ಯಾಕ್ರೀ ಇಷ್ಟು ಬಣ್ಣ?" ಚನ್ನಬಸಪ್ಪ ಕೇಳಿದ.

"ಹೆಣ್ಣು ನೋಡಿ ಒಪ್ಪಲಿ ಅಂತ."

"ನಿಮ್ಮನ್ನ ಒಪ್ಪಿ ಇಪ್ಪತ್ತೈದು ವರ್ಷ ಆಗಿರಬೇಕಲ್ರೀ. ಇನ್ಯಾಕ?"

ಈ ಪ್ರಶ್ನೆಗೆ ಇಲಾಖೆಯ ಯಾವ ಸುತ್ತೋಲೆಯಲ್ಲೂ ಉತ್ತರವಿಲ್ಲ. ಕೊನೆಗೆ ಅವನೇ ತೀರ್ಪು ಕೊಟ್ಟ: "ಆತು. ಅವನ ನೀಲಿ ಇದ್ರ ಇರ್ಲಿ, ನಮ್ಮ ಕೆಂಪೂ ಇರ್ಲಿ. ಆಮ್ಯಾಲೆ ಅಳೀರಿ." ಗಡಿಕಲ್ಲಿನ ಮೇಲೆ ಕೂತು ಹಣೆಯೊಡ್ಡಿದೆ. ಅವನು ತನ್ನ ಹಿಂಡಿನ ಕೆಂಪು ಬಣ್ಣ ತಂದು ಹೆಬ್ಬೆರಳಲ್ಲಿ ಒತ್ತಿ ಬಳಿದ. ಅಳತೆ ಸುಸೂತ್ರವಾಗಿ ಮುಗಿದು ಇಬ್ಬರೂ ಸಹಿ ಹಾಕಿದರು.

ಅಲ್ಲಿಗೆ ಮುಗಿಯಿತು ಎಂದುಕೊಂಡಿರಾ? ಫೈಲು ಮೇಲಿನಿಂದ ಮಂಜೂರಾಗಿ ಬರುವವರೆಗೂ ತಕರಾರಿಗೆ ಅವಕಾಶವಿದೆ. ಸಂತೆಯ ದಿನ ಇಬ್ಬರೂ ಆಫೀಸಿಗೆ ಬಂದು ನನ್ನ ಮುಖ ನೋಡಿ ಹೋಗುತ್ತಾರೆ. ಕಳೆದ ವಾರ ಚನ್ನಬಸಪ್ಪ, "ನಮ್ಮದನ್ನೇ ತಿಕ್ಕೀರಿ, ಅವನದು ಹಂಗೇ ಐತಿ" ಎಂದು ಮುಖ ಊದಿಸಿಕೊಂಡು ಹೋದ. ಅವತ್ತಿನಿಂದ ದಿನಾ ಬೆಳಿಗ್ಗೆ ಕನ್ನಡಿ ಮುಂದೆ ಸ್ಕೇಲು ಹಿಡಿದು ಕೆಂಪೆಷ್ಟು, ನೀಲಿಯೆಷ್ಟು ಎಂದು ಅಳೆದು, ಸರಿಸಮ ತಿಕ್ಕುತ್ತಿದ್ದೇನೆ.

ಇವತ್ತು ಬೆಳಿಗ್ಗೆ ನೀಲಿ ಗಂಟಲಿನ ಮೇಲೆ ಒಂದು ಗೆರೆಯಷ್ಟೇ ಉಳಿದಿತ್ತು. ವಿಶಾಲಾ ಫೋನ್ ಹಿಡಿದು ಓಡಿಬಂದಳು. "ತಿಕ್ಕಬೇಡಿ ರೀ! ಮರಿ ಮಾಡೋ ಕಾಲ ಮುಗಿದ್ರೆ ಗಂಡು ಸೂರಕ್ಕಿಯ ಬಣ್ಣವೆಲ್ಲ ಉದುರಿ ಹಿಂಗೇ ಗಂಟಲಲ್ಲಿ ಒಂದು ಗೆರೆ ಉಳೀತದೆ. ಮುಂದಿನ ವಿಡಿಯೋ ಯಾವಾಗ ಅಂತ ಮಕ್ಕಳು ಕೇಳ್ತಾನೇ ಇದ್ದಾರೆ!" ಹಕ್ಕಿಯ ಹಣೆಬರಹ ಎಷ್ಟೋ ವಾಸಿ, ಅದರ ಬಣ್ಣ ನೋಡಿ ತಕರಾರು ತೆಗೆಯುವವಳು ಒಬ್ಬಳೇ. ನನಗೆ ಮೂವರು. ಸಿಟ್ಟು ನೆತ್ತಿಗೇರಿತು, ಈ ಸಲ ಖಡಾಖಂಡಿತವಾಗಿ ಹೇಳಿಬಿಡಬೇಕೆಂದು ಬಾಯಿ ತೆರೆದೆ.

"ಮುಂದಿನ ಕಾಲಕ್ಕೆ ಆ ಬಣ್ಣ ಮತ್ತೆ ಬರುತ್ತೇನೇ?" ಎಂದು ಕೇಳಿ, ಸ್ಕೇಲು ಕೆಳಗಿಟ್ಟು ಗದ್ದ ಎತ್ತಿದೆ.